ಇಂಧನ ಮಾಪಕ ಮತ್ತು ಅದರ ದೋಷಪತ್ತೆ

ಇಂಧನ ಮಾಪಕವು ಮೋಟಾರು ವಾಹನದ ತೊಟ್ಟಿಯಲ್ಲಿ ಉಳಿದಿರುವ ಪೆಟ್ರೋಲ್ ಅಥವಾ ಡೀಸೆಲ್‌ನ ಮಟ್ಟವನ್ನು ಚಾಲಕನಿಗೆ ತೋರಿಸುವ ಉಪಕರಣವಾಗಿದೆ. ಬಳಕೆಯ ಮಾತಿನಲ್ಲಿ ಇದನ್ನು ಫ್ಯುಯೆಲ್ ಗೇಜ್ ಅಥವಾ ಪೆಟ್ರೋಲ್ ಮೀಟರ್ ಎಂದು ಕರೆಯುತ್ತಾರೆ. ತೊಟ್ಟಿಯೊಳಗೆ ಕುಳಿತು ಮಟ್ಟವನ್ನು ಅಳೆಯುವ ಸಂಕೇತ ಘಟಕ (ಸೆಂಡರ್) ಮತ್ತು ಚಾಲಕನ ಮುಂದಿರುವ ಸೂಚಕ ಇದರ ಎರಡು ಮುಖ್ಯ ಭಾಗಗಳು. ಇವೆರಡನ್ನೂ ಒಂದು ತಂತಿ ಹಾಗೂ ವಾಹನದ ಲೋಹದ ಚೌಕಟ್ಟು ಜೋಡಿಸುತ್ತವೆ.

ಹಳೆಯ ಕಾರುಗಳಲ್ಲಿ ಕೈಕೊಡುವ ಭಾಗಗಳಲ್ಲಿ ಇಂಧನ ಮಾಪಕವೂ ಒಂದು. ಮುಳ್ಳು ಅಲುಗದಿದ್ದರೆ ಸೂಚಕವೇ ಕೆಟ್ಟಿದೆಯೆಂದು ಭಾವಿಸುವುದು ಸಾಮಾನ್ಯ. ಆದರೆ ದೋಷವು ತೊಟ್ಟಿಯಲ್ಲಿ, ತಂತಿಯಲ್ಲಿ, ಭೂಸಂಪರ್ಕದಲ್ಲಿ ಅಥವಾ ವೋಲ್ಟೇಜ್ ಸ್ಥಿರಕದಲ್ಲಿಯೂ ಇರಬಹುದು. ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದರೆ ಅನೇಕ ವೇಳೆ ತೊಟ್ಟಿಯನ್ನು ಬಿಚ್ಚದೆಯೇ ಕಾರಣವನ್ನು ಗುರುತಿಸಬಹುದು. ಈ ಲೇಖನವು ಮುಖ್ಯವಾಗಿ 1960ರಿಂದ 1990ರ ದಶಕದವರೆಗಿನ ಕಾರುಗಳಲ್ಲಿ ಬಳಕೆಯಲ್ಲಿದ್ದ, ವಿದ್ಯುತ್ ರೋಧವನ್ನು ಆಧರಿಸಿದ ಮಾಪಕಗಳನ್ನು ಕುರಿತದ್ದಾಗಿದೆ.

ಇತಿಹಾಸ

ಆರಂಭದ ಮೋಟಾರು ಕಾರುಗಳಲ್ಲಿ ಇಂಧನ ಮಾಪಕ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ತೊಟ್ಟಿಯು ಆಸನದ ಕೆಳಗಿತ್ತು. ಆಸನವನ್ನು ಎತ್ತಿ, ಗುರುತು ಹಾಕಿದ ಕೋಲನ್ನು ಇಳಿಸಿ ಪೆಟ್ರೋಲಿನ ಮಟ್ಟವನ್ನು ನೋಡಬೇಕಾಗಿತ್ತು. 1927ರ ಮಾಡೆಲ್ ಎ ಕಾರಿನಲ್ಲಿ ತೊಟ್ಟಿಯನ್ನು ಡ್ಯಾಶ್‌ಬೋರ್ಡಿನ ಹಿಂಭಾಗಕ್ಕೆ ತರಲಾಯಿತು; ತೊಟ್ಟಿಯಲ್ಲಿನ ತೇಲುಬುರುಡೆಯೇ ಚಾಲಕನ ಎದುರಿನ ಅಂಕಿಗಳನ್ನು ನೇರವಾಗಿ ತಿರುಗಿಸುತ್ತಿತ್ತು. ತೊಟ್ಟಿಯು ಕಾರಿನ ಹಿಂಭಾಗಕ್ಕೆ ಸರಿದ ಮೇಲೆ ದೂರದಿಂದ ಮಟ್ಟವನ್ನು ತಿಳಿಸುವ ವಿದ್ಯುತ್ ಮಾಪಕಗಳು ಅಗತ್ಯವಾದವು.

ಎಲ್ಲ ತಯಾರಕರೂ ಇದನ್ನು ಒಮ್ಮೆಗೇ ಅಳವಡಿಸಿಕೊಳ್ಳಲಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ 1961ರವರೆಗೂ ಮಾಪಕವಿರಲಿಲ್ಲ. ಎಂಜಿನ್ ತಡವರಿಸಿದಾಗ ಚಾಲಕನು ಕಾಲಿನ ಬಳಿಯ ಸನ್ನೆಯನ್ನು ತಿರುಗಿಸಿ ಮೀಸಲು ಪೆಟ್ರೋಲನ್ನು ಬಳಸಬೇಕಾಗಿತ್ತು. ಭಾರತದ ಮೋಟಾರು ಸೈಕಲ್ ಸವಾರರಿಗೆ ಪರಿಚಿತವಾದ 'ರಿಸರ್ವ್' ನಲ್ಲಿಯ ತತ್ತ್ವವೂ ಇದೇ ಆಗಿದೆ.

ರಚನೆ ಮತ್ತು ಕಾರ್ಯವಿಧಾನ

ಸಂಕೇತ ಘಟಕದಲ್ಲಿ ಹಿತ್ತಾಳೆ, ಪ್ಲಾಸ್ಟಿಕ್ ಅಥವಾ ನೊರೆರಬ್ಬರಿನ ಒಂದು ತೇಲುಬುರುಡೆ ಇರುತ್ತದೆ. ಇದು ತೆಳುವಾದ ಲೋಹದ ತೋಳಿನ ತುದಿಯಲ್ಲಿದ್ದು, ಇಂಧನದ ಮಟ್ಟಕ್ಕೆ ತಕ್ಕಂತೆ ಏರಿಳಿಯುತ್ತದೆ. ತೋಳಿನ ಇನ್ನೊಂದು ತುದಿಯು ಬದಲಾಗುವ ರೋಧಕದ ಮೇಲೆ ಜಾರುವ ಸಣ್ಣ ಸ್ಪರ್ಶಕವನ್ನು ಚಲಿಸುತ್ತದೆ. ಹೀಗೆ ಇಂಧನದ ಮಟ್ಟವು ವಿದ್ಯುತ್ ರೋಧದ ಅಳತೆಯಾಗಿ ಮಾರ್ಪಡುತ್ತದೆ.

ಹಳೆಯ ಕಾರುಗಳ ಸೂಚಕಗಳಲ್ಲಿ ಎರಡು ವಿಧಗಳು ಪ್ರಮುಖವಾದವು.

ದ್ವಿಲೋಹ ಸೂಚಕ: ಇದರಲ್ಲಿ ಎರಡು ಬೇರೆ ಲೋಹಗಳನ್ನು ಬೆಸೆದ ಪಟ್ಟಿಯ ಸುತ್ತ ಶಾಖ ನೀಡುವ ತಂತಿಯನ್ನು ಸುತ್ತಿರುತ್ತಾರೆ. ವಿದ್ಯುತ್ ಪ್ರವಾಹ ಹೆಚ್ಚಿದಷ್ಟೂ ಪಟ್ಟಿಯು ಬಿಸಿಯಾಗಿ ಬಾಗುತ್ತದೆ ಮತ್ತು ಮುಳ್ಳನ್ನು 'ತುಂಬಿದೆ' ಗುರುತಿನ ಕಡೆಗೆ ತಳ್ಳುತ್ತದೆ. ಇಗ್ನಿಷನ್ ಹಾಕಿದ ನಂತರ ಮುಳ್ಳು ನಿಧಾನವಾಗಿ ಏರುವುದು ಈ ವಿಧದ ಲಕ್ಷಣ. ಬ್ಯಾಟರಿಯ ವೋಲ್ಟೇಜ್ ಬದಲಾದರೆ ಓದು ತಪ್ಪುವುದರಿಂದ ಇದರ ಜೊತೆಗೆ ವೋಲ್ಟೇಜ್ ಸ್ಥಿರಕವನ್ನು ಅಳವಡಿಸುತ್ತಾರೆ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳ ಸ್ಥಿರಕವು ಸರಾಸರಿ 10 ವೋಲ್ಟ್ ಹಾಗೂ ಫೋರ್ಡ್‌ನ ಅಮೆರಿಕನ್ ಕಾರುಗಳದ್ದು ಸರಾಸರಿ 5 ವೋಲ್ಟ್ ಒದಗಿಸುತ್ತದೆ.

ಸಮತೋಲ ಸುರುಳಿ ಸೂಚಕ: ಇದರಲ್ಲಿ ಎರಡು ಸುರುಳಿಗಳ ಕಾಂತಕ್ಷೇತ್ರಗಳು ಮುಳ್ಳನ್ನು ಬೇರೆ ಬೇರೆ ದಿಕ್ಕುಗಳಿಗೆ ಎಳೆಯುತ್ತವೆ. ಓದು ಎರಡೂ ಸೆಳೆತಗಳ ಅನುಪಾತವನ್ನು ಅವಲಂಬಿಸಿರುವುದರಿಂದ ಬ್ಯಾಟರಿಯ ಏರಿಳಿತ ಹೆಚ್ಚಿನ ಪರಿಣಾಮ ಬೀರುವುದಿಲ್ಲ. ಮುಳ್ಳು ತಕ್ಷಣವೇ ಚಲಿಸುತ್ತದೆ. ಈ ವಿಧದ ಕೆಲವು ಮಾಪಕಗಳಲ್ಲಿ ಇಗ್ನಿಷನ್ ಆರಿಸಿದ ಮೇಲೂ ಮುಳ್ಳು ಇದ್ದಲ್ಲಿಯೇ ನಿಲ್ಲುವುದುಂಟು, ಅದು ದೋಷವಲ್ಲ.

ರೋಧದ ಅಳತೆಗಳು

ಎಲ್ಲ ತಯಾರಕರ ಸಂಕೇತ ಘಟಕಗಳೂ ಒಂದೇ ಅಳತೆಯವಲ್ಲ. ಸಾಮಾನ್ಯವಾಗಿ ಕಂಡುಬರುವ ಶ್ರೇಣಿಗಳು ಹೀಗಿವೆ:

• ಜನರಲ್ ಮೋಟಾರ್ಸ್, 1960ರ ದಶಕದ ಮಧ್ಯಭಾಗದಿಂದ: ಖಾಲಿ 0 ಓಮ್, ತುಂಬಿದಾಗ 90 ಓಮ್
• ಹಳೆಯ ಫೋರ್ಡ್ ಮತ್ತು ಕ್ರೈಸ್ಲರ್: ಖಾಲಿ ಸುಮಾರು 73 ಓಮ್, ತುಂಬಿದಾಗ ಸುಮಾರು 10 ಓಮ್
• ಯುರೋಪಿನ ವಿಡಿಒ ಮಾದರಿ: ಖಾಲಿ 10 ಓಮ್, ತುಂಬಿದಾಗ 180 ಓಮ್
• ಅಮೆರಿಕದ ಬಿಡಿ ಮಾಪಕಗಳು: ಖಾಲಿ 240 ಓಮ್, ತುಂಬಿದಾಗ 33 ಓಮ್

ಒಂದು ಶ್ರೇಣಿಯ ಘಟಕವನ್ನು ಇನ್ನೊಂದು ಶ್ರೇಣಿಯ ಸೂಚಕಕ್ಕೆ ಜೋಡಿಸಿದರೆ ಎರಡೂ ಸುಸ್ಥಿತಿಯಲ್ಲಿದ್ದರೂ ಓದು ತಪ್ಪಾಗುತ್ತದೆ. ಹಿಂದಿನ ಮಾಲೀಕರು ಸಿಕ್ಕಿದ ಬಿಡಿಭಾಗವನ್ನು ಹಾಕಿಸಿರುವ ಕಾರುಗಳಲ್ಲಿ ಈ ಸಾಧ್ಯತೆಯನ್ನು ಮರೆಯುವಂತಿಲ್ಲ.

ದೋಷದ ದಿಕ್ಕು

ಮೇಲಿನ ಶ್ರೇಣಿಗಳು ಎರಡು ಗುಂಪುಗಳಾಗಿ ವಿಂಗಡವಾಗುತ್ತವೆ. ಮೊದಲನೆಯ ಗುಂಪಿನಲ್ಲಿ ಇಂಧನ ಹೆಚ್ಚಿದಂತೆ ರೋಧ ಹೆಚ್ಚುತ್ತದೆ (0–90, 10–180). ಎರಡನೆಯದರಲ್ಲಿ ಇಂಧನ ಹೆಚ್ಚಿದಂತೆ ರೋಧ ಇಳಿಯುತ್ತದೆ (73–10, 240–33). ತಂತಿ ತುಂಡಾದರೆ ಅಥವಾ ಜೋಡಣೆಗೆ ತುಕ್ಕು ಹಿಡಿದರೆ ರೋಧ ಯಾವಾಗಲೂ ಹೆಚ್ಚುತ್ತದೆ. ಆದ್ದರಿಂದ ಒಂದೇ ದೋಷವು ಎರಡು ಗುಂಪುಗಳಲ್ಲಿ ವಿರುದ್ಧ ಫಲವನ್ನು ನೀಡುತ್ತದೆ.

ಎರಡನೆಯ ಗುಂಪಿನ ಕಾರಿನಲ್ಲಿ ತಂತಿ ಕಡಿದರೆ ಮುಳ್ಳು 'ಖಾಲಿ'ಗೆ ಇಳಿಯುತ್ತದೆ. ಚಾಲಕನು ಅನಗತ್ಯವಾಗಿ ಪೆಟ್ರೋಲ್ ತುಂಬಿಸಬಹುದು, ಅಷ್ಟೇ. ಮೊದಲನೆಯ ಗುಂಪಿನಲ್ಲಿ ಅದೇ ದೋಷಕ್ಕೆ ಮುಳ್ಳು 'ತುಂಬಿದೆ' ಎಂದು ತೋರಿಸುತ್ತದೆ. ಉದಾಹರಣೆಗೆ, 0–90 ಓಮ್ ಶ್ರೇಣಿಯ ತೊಟ್ಟಿಯಲ್ಲಿ ಕಾಲು ಭಾಗ ಇಂಧನವಿದ್ದು ಘಟಕವು ಸುಮಾರು 22 ಓಮ್ ತೋರಿಸಬೇಕಾದಲ್ಲಿ, ತುಕ್ಕು ಹಿಡಿದ ಭೂಸಂಪರ್ಕವು 25 ಓಮ್ ಸೇರಿಸಿದರೆ ಒಟ್ಟು 47 ಓಮ್ ಆಗುತ್ತದೆ. ಆಗ ಮುಳ್ಳು ಅರ್ಧಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಇಂಥ ಕಾರು ಯಾವ ಮುನ್ಸೂಚನೆಯೂ ಇಲ್ಲದೆ ಘಾಟಿಯ ತಿರುವಿನಲ್ಲಿ ಅಥವಾ ಹೆದ್ದಾರಿಯ ನಡುವೆ ನಿಂತುಬಿಡಬಹುದು. ಚಲಿಸುತ್ತಿರುವಾಗ ಎಂಜಿನ್ ಆರಿದರೆ ಪವರ್ ಸ್ಟೀರಿಂಗ್‌ನ ನೆರವು ತಪ್ಪುತ್ತದೆ, ಬ್ರೇಕ್‌ನ ನಿರ್ವಾತ ಸಹಾಯವು ಕೆಲವೇ ಒತ್ತುಗಳಲ್ಲಿ ಮುಗಿಯುತ್ತದೆ.

ಇಂಧನ ಮುಗಿಯುವುದರಿಂದ ಯಂತ್ರಕ್ಕೂ ಹಾನಿಯುಂಟು. ಇಂಜೆಕ್ಷನ್ ವ್ಯವಸ್ಥೆಯ ಕಾರುಗಳಲ್ಲಿ ತೊಟ್ಟಿಯೊಳಗಿನ ವಿದ್ಯುತ್ ಪಂಪು ಇಂಧನದಿಂದಲೇ ತಣಿಯುತ್ತದೆ ಮತ್ತು ಜಾರುತನ ಪಡೆಯುತ್ತದೆ. ಒಣಗಿ ಓಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಹಳೆಯ ಡೀಸೆಲ್ ಕಾರುಗಳಲ್ಲಿ ಕೊಳವೆಗೆ ಗಾಳಿ ಸೇರಿ, ಅದನ್ನು ಹೊರಹಾಕದ ಹೊರತು ಎಂಜಿನ್ ಮತ್ತೆ ಚಾಲೂ ಆಗದಿರಬಹುದು.

ಲಕ್ಷಣಗಳು

• ಮುಳ್ಳು ಸದಾ 'ಖಾಲಿ'ಯಲ್ಲಿದ್ದರೆ: ಫ್ಯೂಸ್, ಸೂಚಕಕ್ಕೆ ಬರುವ ವಿದ್ಯುತ್, ಮುಳುಗಿದ ತೇಲುಬುರುಡೆ ಅಥವಾ ಶ್ರೇಣಿಗನುಗುಣವಾಗಿ ಕಡಿದ ತಂತಿ ಇಲ್ಲವೆ ಚೌಕಟ್ಟಿಗೆ ತಾಗಿದ ತಂತಿ.
• ಮುಳ್ಳು ಸದಾ 'ತುಂಬಿದೆ' ಎಂದಿದ್ದರೆ: ಮೊದಲನೆಯ ಗುಂಪಿನಲ್ಲಿ ಕಡಿದ ತಂತಿ ಅಥವಾ ಭೂಸಂಪರ್ಕ, ಎರಡನೆಯದರಲ್ಲಿ ಚೌಕಟ್ಟಿಗೆ ತಾಗಿದ ತಂತಿ.
• ಒಂದು ನಿರ್ದಿಷ್ಟ ಮಟ್ಟದಲ್ಲಿ ಮಾತ್ರ ಮುಳ್ಳು ಜಿಗಿದರೆ ಅಥವಾ ಬಿದ್ದುಹೋದರೆ: ರೋಧಕದ ಆ ಭಾಗ ಸವೆದಿರುತ್ತದೆ. ಕಾರು ಹೆಚ್ಚಾಗಿ ಯಾವ ಮಟ್ಟದ ಇಂಧನದಲ್ಲಿ ಓಡಿದೆಯೋ ಅಲ್ಲಿಯೇ ಸವೆತವೂ ಹೆಚ್ಚು.
• ತೊಟ್ಟಿ ತುಂಬಿದರೂ ಮುಳ್ಳು ಮೇಲಿನ ಗುರುತನ್ನು ಮುಟ್ಟದಿದ್ದರೆ: ಬಾಗಿದ ತೋಳು, ಅರ್ಧ ಮುಳುಗಿದ ತೇಲುಬುರುಡೆ ಅಥವಾ ಎರಡನೆಯ ಗುಂಪಿನಲ್ಲಿ ದುರ್ಬಲ ಭೂಸಂಪರ್ಕ.
• ಇಂಧನ ಮತ್ತು ಎಂಜಿನ್ ತಾಪದ ಮುಳ್ಳುಗಳು ಒಟ್ಟಿಗೇ ತಪ್ಪು ತೋರಿಸಿದರೆ: ವೋಲ್ಟೇಜ್ ಸ್ಥಿರಕ ಅಥವಾ ಸೂಚಕ ಫಲಕದ ಭೂಸಂಪರ್ಕ.

ಮುಳ್ಳು ಅರ್ಧದಲ್ಲಿರುವಾಗಲೇ ಇಂಧನ ಕಡಿಮೆಯೆಂಬ ಎಚ್ಚರಿಕೆಯ ದೀಪ ಉರಿದರೆ ಅದನ್ನು ನಿರ್ಲಕ್ಷಿಸಬಾರದು. ಕೆಲವು ಕಾರುಗಳಲ್ಲಿ ಈ ದೀಪವು ಥರ್ಮಿಸ್ಟರ್ ಎಂಬ ಪ್ರತ್ಯೇಕ ಬಿಡಿಭಾಗದಿಂದ ನಡೆಯುತ್ತದೆ. ಇಂಧನದಲ್ಲಿ ಮುಳುಗಿರುವಷ್ಟು ಕಾಲ ಅದು ತಂಪಾಗಿರುತ್ತದೆ. ಮಟ್ಟ ಇಳಿದು ಗಾಳಿಗೆ ತೆರೆದುಕೊಂಡಾಗ ಬಿಸಿಯಾಗಿ, ರೋಧ ಇಳಿದು ದೀಪ ಹೊತ್ತಿಕೊಳ್ಳುತ್ತದೆ. ಅಂಥ ಕಾರಿನಲ್ಲಿ ಮುಳ್ಳಿಗಿಂತ ದೀಪದ ಸಾಕ್ಷ್ಯವೇ ನಂಬಲರ್ಹವಾಗಿರಬಹುದು.

ಸುರಕ್ಷತೆ

ಪೆಟ್ರೋಲಿನ ಜ್ವಲನಬಿಂದು ಸುಮಾರು −40 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ ಯಾವುದೇ ಋತುವಿನಲ್ಲಿಯೂ ಅದರ ಆವಿ ಹೊತ್ತಿಕೊಳ್ಳಬಲ್ಲದು. ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇಕಡ 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ ಉರಿಯುವುದರಿಂದ, ತುಂಬಿದ ತೊಟ್ಟಿಗಿಂತ ಆಗತಾನೇ ಬರಿದು ಮಾಡಿ ತೆರೆದಿಟ್ಟ ತೊಟ್ಟಿಯು ಹೆಚ್ಚು ಅಪಾಯಕಾರಿ.

ಸಂಕೇತ ಘಟಕವನ್ನು ಹೊರತೆಗೆಯುವ ಕೆಲಸವನ್ನು ಬಯಲಿನಲ್ಲಿ, ಬ್ಯಾಟರಿಯ ಋಣ ತಂತಿಯನ್ನು ಕಳಚಿದ ನಂತರವೇ ಮಾಡಬೇಕು. ಬೀಡಿ, ಸಿಗರೇಟು, ಒಲೆ, ಬಿಸಿಯಾಗುವ ಬಲ್ಬು ಹತ್ತಿರ ಇರಬಾರದು. ಪೆಟ್ರೋಲನ್ನು ಬಾಯಿಂದ ಹೀರಿ ಕೊಳವೆಗೆ ಎಳೆಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಘಟಕಕ್ಕೆ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಎಂದಿಗೂ ಕೊಡಬಾರದು. ಸಾಮಾನ್ಯ ಸ್ಥಿತಿಯಲ್ಲಿ ಸೂಚಕದ ರೋಧವು ಪ್ರವಾಹವನ್ನು ಮಿತಿಯಲ್ಲಿಡುತ್ತದೆ. ನೇರ ಸಂಪರ್ಕದಲ್ಲಿ ಆ ರಕ್ಷಣೆ ಇಲ್ಲವಾಗಿ ತೊಟ್ಟಿಯೊಳಗೇ ಕಿಡಿ ಹಾರಬಹುದು.

ದೋಷಪತ್ತೆಯ ಕ್ರಮ

ಸುಲಭವಾದುದರಿಂದ ಕಷ್ಟವಾದುದರ ಕಡೆಗೆ ಸಾಗುವುದು ದೋಷಪತ್ತೆಯ ಮೂಲಸೂತ್ರ. ತೊಟ್ಟಿಯನ್ನು ಮುಟ್ಟುವುದು ಕೊನೆಯ ಹಂತ.

1. ಫ್ಯೂಸ್ ಮತ್ತು ಇತರ ಸೂಚಕಗಳು: ಇಗ್ನಿಷನ್ ಹಾಕಿ, ಅದೇ ಫ್ಯೂಸಿನಿಂದ ನಡೆಯುವ ಇತರ ಉಪಕರಣಗಳು ಕೆಲಸ ಮಾಡುತ್ತಿವೆಯೇ ಎಂದು ನೋಡಬೇಕು. ಎಲ್ಲವೂ ನಿಂತಿದ್ದರೆ ದೋಷ ಇಂಧನ ಮಾಪಕದ್ದಲ್ಲ.

2. ವೋಲ್ಟೇಜ್ ಸ್ಥಿರಕ: ದ್ವಿಲೋಹ ಸೂಚಕಗಳಿರುವ ಕಾರಿನಲ್ಲಿ ಮಾತ್ರ ಈ ಹಂತ ಅಗತ್ಯ. ಹಳೆಯ ಸ್ಥಿರಕವು ಪ್ರವಾಹವನ್ನು ಮೇಲಿಂದ ಮೇಲೆ ಕಡಿದು ಜೋಡಿಸುವುದರಿಂದ ಡಿಜಿಟಲ್ ಮಾಪಕದ ಅಂಕಿಗಳು ಕುಣಿಯುತ್ತವೆ; ಇದು ಸಹಜ. ಬದಲಾಗಿ ಬ್ಯಾಟರಿಯ ಪೂರ್ಣ ವೋಲ್ಟೇಜ್ ಸತತವಾಗಿ ಕಂಡುಬಂದರೆ ಸ್ಥಿರಕದ ಸ್ಪರ್ಶಕಗಳು ಅಂಟಿಕೊಂಡಿವೆ ಅಥವಾ ಅದರ ಭೂಸಂಪರ್ಕ ತಪ್ಪಿದೆ ಎಂದು ತಿಳಿಯಬೇಕು. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 10 ವೋಲ್ಟಿನ ಬದಲು 12 ವೋಲ್ಟ್ ಬಂದರೆ ಪಟ್ಟಿಗೆ ದೊರೆಯುವ ಶಾಖ ಶೇಕಡ 44ರಷ್ಟು ಹೆಚ್ಚುತ್ತದೆ. ಎರಡೂ ಮುಳ್ಳುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ.

3. ತಂತಿ ಕಳಚಿ ನೋಡುವುದು: ತೊಟ್ಟಿಯ ಬಳಿ ಘಟಕದ ತಂತಿಯನ್ನು ಕಳಚಿ ಇಗ್ನಿಷನ್ ಹಾಕಬೇಕು. ಮೊದಲನೆಯ ಗುಂಪಿನಲ್ಲಿ ಮುಳ್ಳು 'ತುಂಬಿದೆ' ಕಡೆಗೂ ಎರಡನೆಯದರಲ್ಲಿ 'ಖಾಲಿ' ಕಡೆಗೂ ಹೋಗಬೇಕು. ಮುಳ್ಳು ಹೀಗೆ ಹೋಗದಿದ್ದರೆ ದೋಷ ತಂತಿಯಲ್ಲಿ ಅಥವಾ ಸೂಚಕದಲ್ಲಿದೆ.

4. ತಂತಿಯನ್ನು ಚೌಕಟ್ಟಿಗೆ ಜೋಡಿಸುವುದು: ಇಗ್ನಿಷನ್ ಆರಿಸಿ, ಕಳಚಿದ ತಂತಿಯನ್ನು ತೊಟ್ಟಿಯ ಬಾಯಿಯಿಂದ ದೂರದಲ್ಲಿ ಕಾರಿನ ಚೌಕಟ್ಟಿಗೆ ಜೋಡಿಸಬೇಕು. ನಂತರ ಇಗ್ನಿಷನ್ ಹಾಕಿದಾಗ ಮುಳ್ಳು ಎದುರು ತುದಿಗೆ ಚಲಿಸಬೇಕು. ದ್ವಿಲೋಹ ಸೂಚಕವು ಅತಿಯಾಗಿ ಬಿಸಿಯಾಗುವುದರಿಂದ ನೇರ ಜೋಡಣೆಯ ಬದಲು 'ತುಂಬಿದ' ಮಟ್ಟಕ್ಕೆ ಸಮನಾದ ರೋಧಕವನ್ನು ನಡುವೆ ಇಡುವುದು ಲೇಸು. 3 ಮತ್ತು 4ನೆಯ ಹಂತಗಳಲ್ಲಿ ಮುಳ್ಳು ಎರಡೂ ತುದಿಗಳನ್ನು ಮುಟ್ಟಿದರೆ ಸೂಚಕ ಮತ್ತು ತಂತಿ ಸರಿಯಾಗಿವೆ. ಉಳಿದದ್ದು ಸಂಕೇತ ಘಟಕ ಮತ್ತು ಅದರ ಭೂಸಂಪರ್ಕ.

5. ಭೂಸಂಪರ್ಕ: ಇಗ್ನಿಷನ್ ಆರಿಸಿ, ಮಲ್ಟಿಮೀಟರಿನಿಂದ ಘಟಕದ ಲೋಹದ ಮೈ ಮತ್ತು ಕಾರಿನ ಚೌಕಟ್ಟಿನ ನಡುವಿನ ರೋಧವನ್ನು ಅಳೆಯಬೇಕು. ಅದು 1 ಓಮ್‌ಗಿಂತ ಕಡಿಮೆಯಿರಬೇಕು. ತೊಟ್ಟಿಗೆ ಬಣ್ಣ ಹೊಡೆಸಿದ ನಂತರ ಅಥವಾ ಹೊಸ ರಬ್ಬರ್ ಪಟ್ಟಿಗಳನ್ನು ಹಾಕಿಸಿದ ನಂತರ ಮಾಪಕ ಕೆಟ್ಟಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

6. ಸಂಕೇತ ಘಟಕದ ರೋಧ: ಕಳಚಿದ ಸ್ಥಿತಿಯಲ್ಲಿಯೇ ಘಟಕದ ತುದಿ ಮತ್ತು ಮೈ ನಡುವಿನ ರೋಧವನ್ನು ಅಳೆದು, ತೊಟ್ಟಿಯಲ್ಲಿ ನಿಜವಾಗಿ ಇರುವ ಇಂಧನದೊಂದಿಗೆ ಹೋಲಿಸಬೇಕು. ಕಾರಿನ ಹಿಂಭಾಗವನ್ನು ಮೆಲ್ಲಗೆ ಅಲುಗಿಸಿದಾಗ ಅಂಕಿಗಳು ಬದಲಾದರೆ ತೇಲುಬುರುಡೆ ಚಲಿಸುತ್ತಿದೆ ಎಂದರ್ಥ. ರೋಧ ಅನಂತವೆಂದು ಬಂದರೆ ರೋಧಕದ ತಂತಿ ಕಡಿದಿದೆ ಅಥವಾ ಸ್ಪರ್ಶಕ ಮೇಲೆದ್ದಿದೆ.

7. ಘಟಕವನ್ನು ಹೊರತೆಗೆಯುವುದು: ಮೇಲಿನ ಹಂತಗಳು ಘಟಕದತ್ತ ಬೆರಳು ತೋರಿದರೆ ಮಾತ್ರ ಅದನ್ನು ಹೊರತೆಗೆಯಬೇಕು. ಆವಿಯಿಂದ ದೂರ ಒಯ್ದು, ತೋಳನ್ನು ಕೈಯಿಂದ ನಿಧಾನವಾಗಿ ಏರಿಸಿ ಇಳಿಸಿದಾಗ ರೋಧವು ಎಲ್ಲಿಯೂ ತಪ್ಪದೆ ಸಮವಾಗಿ ಬದಲಾಗಬೇಕು. ತೇಲುಬುರುಡೆಯನ್ನು ಕಿವಿಯ ಬಳಿ ಅಲುಗಾಡಿಸಿದಾಗ ಕುಲುಕುವ ಸದ್ದು ಕೇಳಿದರೆ ಒಳಗೆ ಪೆಟ್ರೋಲ್ ಸೇರಿದೆ. ಟೊಳ್ಳಾದ ತೇಲುಬುರುಡೆಯನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ಬಿರುಕಿನಿಂದ ಗುಳ್ಳೆಗಳು ಹೊರಡುತ್ತವೆ.

ತೊಟ್ಟಿಯ ಆಕಾರವೂ ಓದಿನ ಮೇಲೆ ಪ್ರಭಾವ ಬೀರುತ್ತದೆ. ತಳ ಕಿರಿದಾದ ತೊಟ್ಟಿಯಲ್ಲಿ ಮುಳ್ಳಿನ ಕೊನೆಯ ಅರ್ಧವು ಮೊದಲರ್ಧಕ್ಕಿಂತ ಬೇಗ ಇಳಿಯುವುದು ದೋಷವಲ್ಲ. ತಳಕ್ಕೆ ಕಲ್ಲು ಬಡಿದು ತಗ್ಗಾಗಿದ್ದರೆ ತೋಳು ಕೆಳಗಿನ ಮಿತಿಯನ್ನು ತಲುಪದೆ, ಇಂಧನ ಮುಗಿದರೂ ಮುಳ್ಳು ತುಸು ಮೇಲೆಯೇ ನಿಲ್ಲಬಹುದು.

ಇಂಧನದ ಗುಣಮಟ್ಟದ ಪರಿಣಾಮ

ಅನೇಕ ಘಟಕಗಳ ಸ್ಪರ್ಶಕಗಳಲ್ಲಿ ಬೆಳ್ಳಿಯ ಮಿಶ್ರಲೋಹವನ್ನು ಬಳಸುತ್ತಾರೆ. ಇಂಧನದಲ್ಲಿ ಸಕ್ರಿಯ ಗಂಧಕದ ಸಂಯುಕ್ತಗಳಿದ್ದರೆ ಬೆಳ್ಳಿಯ ಮೇಲೆ ಸಲ್ಫೈಡಿನ ಪದರ ಕಟ್ಟಿ ಸಂಪರ್ಕ ಕೆಡುತ್ತದೆ. 2004ರಲ್ಲಿ ಅಮೆರಿಕದ ಫ್ಲಾರಿಡಾ ಮುಂತಾದ ದಕ್ಷಿಣದ ರಾಜ್ಯಗಳಲ್ಲಿ ಇಂಥ ಪೆಟ್ರೋಲ್ ಮಾರಾಟವಾಗಿ ಅನೇಕ ಕಾರುಗಳ ಇಂಧನ ಮಾಪಕಗಳು ಕೆಟ್ಟವು.

ಭಾರತದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಬಹುಕಾಲ ಓಡಿಸದೆ ನಿಲ್ಲಿಸಿದ ಹಳೆಯ ಕಾರಿನ ಲೋಹದ ತೊಟ್ಟಿಯಲ್ಲಿ ತೇವ ಸೇರಿದರೆ ತುಕ್ಕು ಬೆಳೆಯುತ್ತದೆ. ತುಕ್ಕಿನ ಪುಡಿ ಸ್ಪರ್ಶಕ ಮತ್ತು ರೋಧಕದ ನಡುವೆ ಸಿಕ್ಕಿಕೊಳ್ಳಬಹುದು.

ದುರಸ್ತಿ

ಭೂಸಂಪರ್ಕದ ದೋಷಕ್ಕೆ ಜೋಡಣೆಯನ್ನು ಉಜ್ಜಿ ಶುಚಿಗೊಳಿಸುವುದು ಅಥವಾ ಘಟಕದಿಂದ ಚೌಕಟ್ಟಿಗೆ ಪ್ರತ್ಯೇಕ ತಂತಿ ಎಳೆಯುವುದು ಸಾಕಾಗುತ್ತದೆ. ಮುಳುಗಿದ ತೇಲುಬುರುಡೆಯನ್ನು ಬದಲಿಸುವುದೇ ಉತ್ತಮ. ಹಿತ್ತಾಳೆಯ ಬುರುಡೆಗೆ ಬೆಸುಗೆ ಹಾಕುವುದಾದರೆ ಒಳಗಿನ ಪೆಟ್ರೋಲನ್ನು ಪೂರ್ಣವಾಗಿ ಹೊರಹಾಕದೆ ಕಾಸಬಾರದು. ಅದು ಸಿಡಿಯುವ ಸಂಭವವಿದೆ. ಸವೆದ ರೋಧಕವನ್ನು ಶುಚಿಗೊಳಿಸಿದರೆ ತಾತ್ಕಾಲಿಕ ಪರಿಹಾರ ದೊರೆಯಬಹುದಾದರೂ, ತಂತಿ ಕಡಿದಿದ್ದರೆ ಘಟಕವನ್ನೇ ಬದಲಿಸಬೇಕು. ಹೊಸ ಘಟಕವನ್ನು ಕೊಳ್ಳುವಾಗ ಅದರ ಶ್ರೇಣಿಯನ್ನು ಮಲ್ಟಿಮೀಟರಿನಿಂದ ಅಳೆದು ಹಳೆಯದರೊಂದಿಗೆ ಹೋಲಿಸಬೇಕು. ಮುಚ್ಚಳದ ಸೀಲನ್ನು ಪ್ರತಿ ಬಾರಿ ಹೊಸದಾಗಿ ಹಾಕುವುದು ಅವಶ್ಯ; ಇಲ್ಲವಾದರೆ ತೊಟ್ಟಿ ತುಂಬಿದಾಗ ಸೋರಿಕೆಯಾಗಿ ಕಾರಿನೊಳಗೆ ಆವಿ ತುಂಬುತ್ತದೆ.

ಕಂಪ್ಯೂಟರ್ ನಿಯಂತ್ರಿತ ಕಾರುಗಳಲ್ಲಿ ಘಟಕದ ಸಂಕೇತವು ಮೊದಲು ನಿಯಂತ್ರಣ ಘಟಕಕ್ಕೆ ಹೋಗಿ, ಅಲ್ಲಿ ಸರಾಸರಿ ಲೆಕ್ಕವಾಗಿ ನಂತರ ಸೂಚಕಕ್ಕೆ ಬರುತ್ತದೆ. ಆದ್ದರಿಂದ ತಂತಿಯನ್ನು ಚೌಕಟ್ಟಿಗೆ ಜೋಡಿಸುವ ಪರೀಕ್ಷೆಯನ್ನು ಅವುಗಳಲ್ಲಿ ಮಾಡಬಾರದು. ಸ್ಕ್ಯಾನರ್ ಉಪಕರಣದಿಂದ ಘಟಕದ ಓದನ್ನು ನೋಡುವುದು ಅಲ್ಲಿನ ಕ್ರಮವಾಗಿದೆ.

ಹಳೆಯ ಕಾರು ಕೊಳ್ಳುವಾಗ

ಕಾರನ್ನು ಪರೀಕ್ಷಿಸುವಾಗ ಇಗ್ನಿಷನ್ ಹಾಕಿದ ಕ್ಷಣದಿಂದ ಮುಳ್ಳಿನ ಚಲನೆಯನ್ನು ಗಮನಿಸಬೇಕು. ಸಾಧ್ಯವಾದರೆ ಅಳತೆ ಮಾಡಿದ 5 ಲೀಟರ್ ಇಂಧನ ಹಾಕಿಸಿ, ಮುಳ್ಳು ಅದಕ್ಕೆ ತಕ್ಕಷ್ಟು ಏರುತ್ತದೆಯೇ ಎಂದು ನೋಡಬಹುದು. ಹಿಂದಿನ ಆಸನದ ಅಥವಾ ಡಿಕ್ಕಿಯ ಕೆಳಗೆ ಪೆಟ್ರೋಲಿನ ವಾಸನೆಯಿದ್ದರೆ ಘಟಕವನ್ನು ಈಚೆಗೆ ಬಿಚ್ಚಿರುವ ಸಾಧ್ಯತೆಯಿದೆ.

ಮಾಪಕ ದುರಸ್ತಿಯಾಗುವವರೆಗೆ, ತೊಟ್ಟಿಯನ್ನು ಪೂರ್ಣ ತುಂಬಿಸಿ ಓಡೋಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಕ್ರಮಿಸಿದ ದೂರದಿಂದ ಬಳಕೆಯನ್ನು ಲೆಕ್ಕ ಹಾಕಬಹುದು. ಉದಾಹರಣೆಗೆ, ಲೀಟರಿಗೆ 12 ಕಿಲೋಮೀಟರ್ ಓಡುವ, 30 ಲೀಟರ್ ಹಿಡಿಯುವ ತೊಟ್ಟಿಯ ಕಾರು ಗರಿಷ್ಠ 360 ಕಿಲೋಮೀಟರ್ ಹೋಗಬಲ್ಲದು. ಘಾಟಿ ರಸ್ತೆ, ನಗರದ ದಟ್ಟಣೆ ಹಾಗೂ ಹವಾನಿಯಂತ್ರಣದ ಬಳಕೆಯನ್ನು ಗಮನದಲ್ಲಿಟ್ಟು 240 ಕಿಲೋಮೀಟರ್ ಮುಟ್ಟುವ ಮೊದಲೇ ಮತ್ತೆ ತುಂಬಿಸುವುದು ಸುರಕ್ಷಿತ. ಓಡೋಮೀಟರ್ ಕೂಡ ಕೆಟ್ಟಿರುವ ಕಾರಿನಲ್ಲಿ ಈ ಲೆಕ್ಕ ನಡೆಯದು. ಅಂಥ ಕಾರಿನಲ್ಲಿ ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಮಾಪಕವನ್ನು ಸರಿಪಡಿಸಿಕೊಳ್ಳುವುದು ಅಗತ್ಯ.